ಸಾಣಾಪುರ ಕೆರೆಗೆ ಸೈಕಲ್ ಸವಾರಿ: ಗಾಳಿಗೆ ಬೆನ್ನು ಕೊಟ್ಟು ಹೋಗಿ

ಮೊದಲ ಸಲ ನಾವು ಉಲ್ಟಾ ಹೋದೆವು. ಆಗಸ್ಟ್ ತಿಂಗಳ ಒಂದು ಭಾನುವಾರ ನಾನು ಮತ್ತು ನಮ್ಮ ಅತ್ತಿಗೆ ಕೊಪ್ಪಳ ಜಿಲ್ಲೆಯ ಗಂಗಾವತಿಯ ಮನೆಯಿಂದಲೇ ಸೈಕಲ್ ಹತ್ತಿದೆವು. ಆನೆಗೊಂದಿ, ಸಾಣಾಪುರ ದಾಟಿ ಹುಲಿಗಿಗೆ ಹೋಗಿ ಹುಲಿಗೆಮ್ಮನ ದರ್ಶನ ಮಾಡುವ ಲೆಕ್ಕ. ಆನೆಗೊಂದಿ ದಾಟಿದ ಮೇಲೆ ಗಾಳಿ ಎದುರಿಗೆ ನಿಂತಿತು. ಮಳೆಗಾಲದಲ್ಲಿ ನಮ್ಮ ಕಡೆ ಪಶ್ಚಿಮದಿಂದ ಗಾಳಿ ಬೀಸುತ್ತದೆ ಎಂಬುದು ಮಾಳಿಗೆ ಮೇಲೆ ಬಟ್ಟೆ ಒಣಹಾಕುವ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸೈಕಲ್ಲಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಸಾಣಾಪುರ ಕೆರೆ ಹತ್ತಿರ ಬರುವಷ್ಟರಲ್ಲಿ ಅತ್ತಿಗೆ ಇಳಿದು ತಳ್ಳುತ್ತಿದ್ದರು. "ನಾನು ಸೈಕಲ್ ಹತ್ತೀನೋ, ಸೈಕಲ್ ನನ್ನ ಮ್ಯಾಲೆ ಹತ್ತೇತೋ ತಿಳೀವಲ್ದು" ಎಂದರು. ಅಲ್ಲಿಂದಲೇ ವಾಪಸ್. ಬರುವಾಗ ಪೆಡಲ್ ತುಳಿಯುವ ಕೆಲಸವೇ ಹೆಚ್ಚು ಇರಲಿಲ್ಲ.

ಎರಡನೇ ಸಲ, ಸೆಪ್ಟೆಂಬರ್ ಕೊನೆಗೆ, ಬುದ್ಧಿ ಬಂದಿತ್ತು. ಹಿಂದಿನ ದಿನವೇ ಸೈಕಲ್ ಎರಡನ್ನೂ ಲಗೇಜ್ ಆಟೊಕ್ಕೆ ಹಾಕಿಕೊಂಡು ಹುಲಿಗಿಯಲ್ಲಿರುವ ನೆಂಟರ ಮನೆಗೆ ಹೋಗಿ ಮಲಗಿದೆವು. ಬೆಳಿಗ್ಗೆ ಅಲ್ಲಿಂದ ಪೂರ್ವಕ್ಕೆ, ಮನೆ ಕಡೆಗೆ ಮುಖ ಮಾಡಿ ಹೊರಟೆವು. ನೀವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವುದಾದರೆ ದಯವಿಟ್ಟು ಹುಲಿಗಿ, ಅದರ ಪಕ್ಕದ ಮುನಿರಾಬಾದ್ ಕಡೆಯಿಂದಲೇ ಶುರು ಮಾಡಿ. ಚಳಿಗಾಲದಲ್ಲಿ ಗಾಳಿ ಅಷ್ಟು ಕಾಡುವುದಿಲ್ಲ, ಆಗ ಯಾವ ಕಡೆಯಿಂದ ಬಂದರೂ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳು ಬೇಡವೇ ಬೇಡ. ಇಲ್ಲಿಯ ಬಂಡೆಗಳು ಹಗಲೆಲ್ಲ ಕಾದು ಸಂಜೆಯಾದರೂ ಹಂಚಿನ ಹಾಗೆ ಝಳ ಬಿಡುತ್ತವೆ.

ದೂರದಿಂದ ಬರುವವರಿಗೆ ಮುನಿರಾಬಾದ್ ರೈಲು ನಿಲ್ದಾಣ ಹತ್ತಿರ. ಹೆಚ್ಚು ರೈಲು ಬೇಕೆಂದರೆ ಹೊಸಪೇಟೆಗೆ ಇಳಿದು ತುಂಗಭದ್ರಾ ಹೊಳೆ ದಾಟಿ ಬರಬಹುದು. ಹುಲಿಗಿಯಿಂದ ಶಿವಪುರ, ಬಂಡಿಹರ್ಲಾಪುರ, ಸಾಣಾಪುರ, ಆನೆಗೊಂದಿ, ಕೊನೆಗೆ ಗಂಗಾವತಿ. ಒಟ್ಟು ನಲವತ್ತು ಕಿಲೋಮೀಟರಿನ ಆಸುಪಾಸು. ಪಳಗಿದವರು ಮೂರು ತಾಸಿನಲ್ಲಿ ಮುಗಿಸಬಹುದು. ಆದರೆ ಯಾಕೆ ಮುಗಿಸಬೇಕು? ನಾವು ಬೆಳಿಗ್ಗೆ ಆರಕ್ಕೆ ಹೊರಟು ಮನೆ ಸೇರಿದ್ದು ಸಂಜೆ ಐದಕ್ಕೆ.

ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆ ದಿನ ಭಕ್ತರು ಕಿಕ್ಕಿರಿದಿರುತ್ತಾರೆ. ರಸ್ತೆ ತುಂಬ ಟಂಟಂ, ಟ್ರ್ಯಾಕ್ಟರ್. ಬೇರೆ ದಿನ ಆರಿಸಿಕೊಳ್ಳಿ. ಸಮಯ ಇದ್ದರೆ ಪಕ್ಕದ ಮುನಿರಾಬಾದಿಗೆ ಹೋಗಿ ತುಂಗಭದ್ರಾ ಡ್ಯಾಮ್ ನೋಡಿ ಬನ್ನಿ. 1953ರಲ್ಲಿ ಮುಗಿದ ಅಣೆಕಟ್ಟು, 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಗಿತ್ತಲ್ಲ, ಆವತ್ತು ನಮ್ಮ ಭಾಗದ ರೈತರು ಯಾರೂ ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ಅತ್ತಿಗೆ ಅದನ್ನು ನೆನೆಸಿಕೊಂಡು ತಮ್ಮ ಸೈಕಲ್ ಚೈನಿಗೆ ಇನ್ನೆರಡು ಹನಿ ಎಣ್ಣೆ ಬಿಟ್ಟರು.

ಡ್ಯಾಮಿನ ವಿಷಯ ಸುಮ್ನೆ ಹೇಳಲಿಲ್ಲ. ಈ ದಾರಿಯ ಚೆಲುವೆಲ್ಲ ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯದು. ಸಾಣಾಪುರ ಕೆರೆ ಎಂದು ನಾವು ಕರೆಯುವುದು ಕೂಡ ಹಳೆಯ ಕಾಲದ ಊರಕೆರೆ ಅಲ್ಲ, ಕಾಲುವೆ ನೀರು ಬಂದು ನಿಂತು ಮುಂದೆ ಹೋಗುವ ಸಮತೋಲನ ಜಲಾಶಯ. ಕಾಲುವೆಯಲ್ಲಿ ನೀರಿದ್ದಾಗ ಕೆರೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಗಾಳಿಯೂ ತಂಪಾಗಿರುತ್ತದೆ. ಡ್ಯಾಮಿನಲ್ಲಿ ನೀರು ಸಾಲದ ವರ್ಷ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ. ಹಾಗಾಗಿ ಬರುವ ಮುಂಚೆ ಕಾಲುವೆಗೆ ನೀರು ಬಿಟ್ಟಿದ್ದಾರಾ ಎಂದು ಈ ಕಡೆಯ ಯಾರನ್ನಾದರೂ ಕೇಳಿ. ಆಗಸ್ಟ್ ಮಧ್ಯದಿಂದ ನವೆಂಬರ್ ತನಕ ಸಾಮಾನ್ಯವಾಗಿ ಮೋಸವಿಲ್ಲ.

ಬಂಡಿಹರ್ಲಾಪುರ ದಾಟಿದ ಮೇಲೆ ಬೆಟ್ಟಗಳು ರಸ್ತೆಗೇ ಬರುತ್ತವೆ. ಬೆಟ್ಟ ಅಂದರೆ ಮಣ್ಣಿನ ಬೆಟ್ಟವಲ್ಲ. ಯಾರೋ ಲಾರಿಗಟ್ಟಲೆ ಬಂಡೆ ತಂದು ಸುರಿದು, ಜೋಡಿಸಲು ಮರೆತು ಹೋದ ಹಾಗೆ. ಅವುಗಳ ನಡುವೆ ರಸ್ತೆ ಸಣ್ಣಗೆ ಏರುತ್ತದೆ, ತಿರುಗುತ್ತದೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ನೀರು. ಬೆಳಗಿನ ಎಂಟು ಗಂಟೆಗೆ ಕೆರೆಯಲ್ಲಿ ಒಂದು ಅಲೆಯೂ ಇರಲಿಲ್ಲ, ಬಂಡೆಗಳು ತಲೆಕೆಳಗಾಗಿ ನಿಂತಿದ್ದವು. ನಾವು ಒಂದು ತಾಸು ಅಲ್ಲೇ ಕೂತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹತ್ತು ಗಂಟೆಯ ಮೇಲೆ ಬಂದರೆ ಇದೇ ಜಾಗದಲ್ಲಿ ಕಾರುಗಳ ಸಾಲು, ತೆಪ್ಪದ ದರದ ಚೌಕಾಸಿ, ರೀಲ್ಸ್. ಅದಕ್ಕೇ ಹುಲಿಗಿಯಿಂದ ಬೆಳಕು ಹರಿಯುವಾಗಲೇ ಹೊರಡಿ ಎನ್ನುವುದು. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ನೀರಿಗೆ ಮಾತ್ರ ಇಳಿಯಬೇಡಿ. ಕೆರೆಗೂ ಬೇಡ, ಕಾಲುವೆಗೂ ಬೇಡ, ಹೊಳೆಗೂ ಬೇಡ. ಮೇಲೆ ಕನ್ನಡಿಯಂತೆ ಕಂಡರೂ ಒಳಗೆ ಸೆಳೆತ ಇರುತ್ತದೆ. ಬಂಡೆಯಿಂದ ಜಿಗಿದು ಜೀವ ಕಳೆದುಕೊಂಡವರ ಸುದ್ದಿ ನಮ್ಮ ಕಡೆ ಆಗಾಗ ಕೇಳುತ್ತಲೇ ಇರುತ್ತೇವೆ. ಹೊಳೆಯಲ್ಲಿ ಮೊಸಳೆಯೂ ಇದೆ. ನೀರುನಾಯಿಯೂ ಇದೆ, ಅವುಗಳಿಗಾಗಿ 2015ರಲ್ಲಿ ತುಂಗಭದ್ರೆಯ ಸುಮಾರು 34 ಕಿ.ಮೀ. ಉದ್ದವನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಮಗೆ ಎರಡೂ ಕಾಣಲಿಲ್ಲ. ಹಾಗೆಯೇ, ಕತ್ತಲಾದ ಮೇಲೆ ಕಾಲುವೆ ದಂಡೆಯ ಮೇಲೆ ಹರಟುತ್ತಾ ಕೂರಬೇಡಿ. ಹೆಂಗಸರಿಗೆ ಮಾತ್ರ ಹೇಳುವ ಮಾತಲ್ಲ ಇದು.

ಕೆರೆಯ ಸುತ್ತ ಒಂದು ಪೂರ್ತಿ ಸುತ್ತು ಹಾಕಿಬಿಡೋಣ ಎಂದು ಡಾಂಬರು ಬಿಟ್ಟು ಒಂದು ಕಾಲುದಾರಿ ಹಿಡಿದೆ. ಅತ್ತಿಗೆ ಬೇಡ ಎಂದಿದ್ದರು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ದಾರಿ ಬಂಡೆಗಳ ಒಳಗೆ ಮಾಯ, ನನ್ನ ಮುಂದಿನ ಗಾಲಿ ಠುಸ್. ಬಳ್ಳಾರಿ ಜಾಲಿ ಮುಳ್ಳು. ಊರಿನ ಹೆಸರು ಹೊತ್ತ ಈ ಗಿಡ ನಮ್ಮ ಸುತ್ತಮುತ್ತಲ ಜಿಲ್ಲೆಗಳಲ್ಲಿ ಎಲ್ಲಿ ನೋಡಿದರೂ ಇದೆ, ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ. ಇನ್ನು ತೆಳು ಟೈರಿನ ಗತಿ? ನನ್ನದು ಇಪ್ಪತ್ತೊಂದು ಗೇರಿನ ಹೊಸ ಸೈಕಲ್. ಅತ್ತಿಗೆಯದು ಅವರ ಅಪ್ಪ ಹೊಲಕ್ಕೆ ಹೋಗುತ್ತಿದ್ದ ಕಬ್ಬಿಣದ ಹಳೇ ಸೈಕಲ್, ಗೇರೂ ಇಲ್ಲ, ಪಂಕ್ಚರೂ ಆಗಲಿಲ್ಲ. ಅವರು ಏನೂ ಅನ್ನಲಿಲ್ಲ, ಬಂಡೆ ಮೇಲೆ ಕೂತು ಬಾಳೆಹಣ್ಣು ತಿಂದರು. ಎರಡು ಟ್ಯೂಬ್, ಪ್ಯಾಚು, ಸೊಲ್ಯೂಷನ್, ಕೈಪಂಪು ಇಲ್ಲದೆ ಹೊರಡಬೇಡಿ. ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಇವೆ, ಆದರೆ ಕೆಲವು ಗೇರ್ ಸೈಕಲ್ಲಿಗೆ ಇರುವ ಸಣ್ಣ ವಾಲ್ವಿಗೆ ಅಲ್ಲಿಯ ಪಂಪು ಕೂರುವುದಿಲ್ಲ. ಅದಕ್ಕೆ ಹಾಕುವ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಮುಂದಿನ ದಾರಿ ಬಹುಮಟ್ಟಿಗೆ ಸಪಾಟು. ಒಂದು ಕಡೆ ಬಾಳೆ, ಇನ್ನೊಂದು ಕಡೆ ಭತ್ತ. ಉಳಿಯಲು ವಿರುಪಾಪುರಗಡ್ಡಿಗೆ ಹೋಗಿ ಎಂದು ಹಳಬರು ಯಾರಾದರೂ ಹೇಳಿದರೆ ನಂಬಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿಯ ರೆಸಾರ್ಟುಗಳನ್ನು ಕೆಡವಿದರು. ಈಗ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯಲ್ಲಿ ಕೋಣೆ ವಿಚಾರಿಸಿ. ಹೆಂಗಸರಿಗೆ ಇನ್ನೊಂದು ಮಾತು: ಹುಲಿಗಿ ಬಿಟ್ಟರೆ ಸಾಣಾಪುರದ ಹೋಟೆಲುಗಳ ತನಕ ನಮಗೆ ಒಂದು ಶೌಚಾಲಯ ಕಾಣಲಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ನಿಲ್ಲುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ.

ಹನುಮನಹಳ್ಳಿಯ ಚಹಾದಂಗಡಿಯಲ್ಲಿ ಒಬ್ಬ ಯಜಮಾನರು ಕೇಳಿದರು: "ಏನ್ರೀ ಅಕ್ಕಾರ, ಪೆಟ್ರೋಲ್ ತುಟ್ಟಿ ಆತಂತ ಸೈಕಲ್ ಹತ್ತೀರೇನು?" ಅತ್ತಿಗೆ ಹೌದೆಂದರು. ಎರಡು ಮಿರ್ಚಿ ಜಾಸ್ತಿ ಬಂದವು.

ಅಂಜನಾದ್ರಿಗೆ 575 ಮೆಟ್ಟಿಲು. ಅಷ್ಟು ದೂರ ತುಳಿದ ತೊಡೆಗೆ ಅದು ಏನು ಮಾಡುತ್ತದೆ ಎಂದು ಹತ್ತಿದವರಿಗೇ ಗೊತ್ತು. ನಾನು ಕೆಳಗಿನಿಂದಲೇ ಕೈ ಮುಗಿದೆ. ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಸಾವಿರಗಟ್ಟಲೆ ಬರುತ್ತಾರೆ, ಆ ದಿನಗಳಲ್ಲಿ ಈ ರಸ್ತೆಗೆ ಸೈಕಲ್ ತರಬೇಡಿ. ಪಂಪಾ ಸರೋವರ ಸಣ್ಣದು, ನೆರಳಿದೆ, ಹತ್ತು ನಿಮಿಷ ಸಾಕು. ಆನೆಗೊಂದಿಯಲ್ಲಿ ಗಗನಮಹಲ್ ಸುತ್ತ ಒಂದು ಸುತ್ತು ಹಾಕಿ, ಬಾಳೆನಾರಿನ ಬುಟ್ಟಿ, ಚೀಲ ಮಾಡುವವರನ್ನು ನೋಡಿ. ಹಂಪಿಗೆ ದಾಟುವವರು ಕಡೆಬಾಗಿಲು ಸೇತುವೆ ಹಿಡಿಯಿರಿ.

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡವನ್ನೂ ಇದೇ ದಿನಕ್ಕೆ ಸೇರಿಸುವ ಆಸೆ ಬೇಡ. ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಮನೆಗಳು, ಅಂದರೆ ಚಪ್ಪಡಿ ಕಲ್ಲಿನ ಸಮಾಧಿಗಳು ಇರುವ ಜಾಗ ಅದು, ಗುಡ್ಡ ಹತ್ತಿ ನೋಡಿ ಇಳಿಯಲು ಅರ್ಧ ದಿನ ಬೇಕು. ಗಂಗಾವತಿಯಲ್ಲಿ ಉಳಿದು ಮರುದಿನ ಬೆಳಿಗ್ಗೆ ಹೋಗಿ.

ಆನೆಗೊಂದಿಯಿಂದ ಗಂಗಾವತಿಯ ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್ ಜಾಸ್ತಿ. ಅಂಚು ಬಿಟ್ಟು ಬರಬೇಡಿ, ಹಿಂದೆ ಕೆಂಪು ದೀಪ ಇರಲಿ. ನವೆಂಬರ್, ಡಿಸೆಂಬರಿನಲ್ಲಿ ಬಂದರೆ ಅರ್ಧ ರಸ್ತೆ ಭತ್ತದ ಕಣ ಆಗಿರುತ್ತದೆ. ಅದರ ಮೇಲೆ ಬ್ರೇಕ್ ಹಾಕಿದರೆ ಗಾಲಿ ಜಾರುತ್ತದೆ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ಭತ್ತ ತುಳಿಯುವುದಕ್ಕೆ ಅತ್ತಿಗೆ ಹೇಗೂ ಬಿಡುವುದಿಲ್ಲ.