ಹಳ್ಳ ದಾಟೋಕೆ ಮುಂಚೆ ಒಂದ್ಸಲ ಬೈಕಿಂದ ಇಳೀರಿ

ಮೊನ್ನೆ ಮೂರು ಜನ ಮೂರು ಬೈಕಲ್ಲಿ ಹಳ್ಳಿ ದಾರಿ ಹಿಡಿದು ಹೋಗಿದ್ವಿ, ಐದು ಕಡೆ ರಸ್ತೆ ಮೇಲೇನೇ ಹಳ್ಳ ಹರೀತಿತ್ತು, ಸೇತುವೆ ಇಲ್ಲ, ನೀರಲ್ಲೇ ದಾಟ್ಬೇಕು. ಇಂಥ ದಾರೀಲಿ ಹೋಗೋ ಪ್ಲಾನ್ ಇರೋರು ದಯವಿಟ್ಟು ಓದಿ.

ನಮಗೆ ಭಯ ಇದ್ದಿದ್ದು ಎರಡನೇ ಹಳ್ಳದ್ದು, ನೀರು ಹತ್ರ ಹತ್ರ ಮೊಣಕಾಲಿಗೆ ಬರ್ತಿತ್ತು, ಆದ್ರೆ ತಳದಲ್ಲಿ ಸಣ್ಣ ಕಲ್ಲು ಇದ್ದಿದ್ರಿಂದ ಟೈರು ಕಚ್ಕೊಂಡು ಆರಾಮಾಗಿ ದಾಟಿದ್ವಿ. ಬಿದ್ದಿದ್ದು ನಾಲ್ಕನೇದ್ರಲ್ಲಿ, ಅಲ್ಲಿ ಪಾದ ಮುಳುಗೋಷ್ಟೂ ನೀರಿರ್ಲಿಲ್ಲ. ಕಾಂಕ್ರೀಟ್ ತಳ, ಮೇಲೆ ತೆಳ್ಳಗೆ ಪಾಚಿ. ಮುಂದೆ ಹೋಗ್ತಿದ್ದ ಗೆಳೆಯ ಮಧ್ಯದಲ್ಲಿ ಮುಂದಿನ ಬ್ರೇಕ್ ಒಂಚೂರು ಮುಟ್ಟಿದ ಅಷ್ಟೇ, ಚಕ್ರ ಪಕ್ಕಕ್ಕೆ ಜಾರಿ ಬೈಕ್ ಮಲಗಿಬಿಡ್ತು. ಎತ್ತೋಕೆ ಹೋದ ನನಗೂ ಕಾಲು ನಿಲ್ತಿಲ್ಲ, ಬೆರಳಲ್ಲಿ ಕೆರೆದು ನೋಡಿದ್ರೆ ಲೋಳೆಸರ ಸೀಳಿದಾಗ ಬರುತ್ತಲ್ಲ, ಅದೇ ಥರ ಲೋಳೆ.

ಅದಕ್ಕೇ ಹೇಳ್ತಿರೋದು, ನೀರು ಕಮ್ಮಿ ಇದೆ ಅಂತ ನೇರ ನುಗ್ಬೇಡಿ, ಒಂದು ಕೋಲು ಹಿಡ್ಕೊಂಡು ನಡೆದು ನೋಡಿ. ನಿಮ್ಮ ಕಾಲು ಜಾರಿದ್ರೆ ಟೈರೂ ಜಾರುತ್ತೆ. ಕಾರು, ಟ್ರ್ಯಾಕ್ಟರ್ ಚಕ್ರ ಓಡಾಡಿರೋ ಜಾಡಲ್ಲಿ ಸಾಮಾನ್ಯವಾಗಿ ಪಾಚಿ ಕಮ್ಮಿ, ಅದನ್ನೇ ಹಿಡೀರಿ, ನೀರು ಕೆಳಗೆ ಇಳಿಯೋ ಅಂಚಿಂದ ದೂರ ಇರಿ. ನೀರಿಗೆ ಇಳಿಯೋಕೆ ಮುಂಚೆಯೇ ಫಸ್ಟ್ ಗೇರ್‌ಗೆ ಹಾಕಿ, ಆಮೇಲೆ ಹ್ಯಾಂಡಲ್ ನೇರ, ಒಂದೇ ಸಮ ಆಕ್ಸಿಲರೇಟರ್, ಬ್ರೇಕ್ ಬೇಡವೇ ಬೇಡ, ಕಣ್ಣು ಆ ಕಡೆ ದಡದ ಮೇಲಿರ್ಲಿ. ಚಕ್ರ ನೋಡ್ತಾ ಕೂತ್ರೆ ಬೈಕ್ ಅಲ್ಲಾಡೋಕೆ ಶುರು ಮಾಡುತ್ತೆ. ಒಬ್ಬರು ಪೂರ್ತಿ ದಾಟಿದ ಮೇಲೇನೇ ಇನ್ನೊಬ್ಬರು ಇಳೀಬೇಕು, ಹಿಂದೆ ಕೂತಿರೋರು ಇಳಿದು ನಡ್ಕೊಂಡು ಬರ್ಲಿ.

ನೀರು ಕೆಂಪಗೆ ಕದಡಿ ತಳ ಕಾಣ್ದೇ ಜೋರಾಗಿ ಹರೀತಿದ್ರೆ ವಾಪಸ್ ಬನ್ನಿ. ರಭಸದ ನೀರು 15 ಸೆಂಟಿಮೀಟರ್ ಇದ್ರೂ ನಿಂತಿರೋ ಮನುಷ್ಯನ್ನ ಬೀಳಿಸ್ಬಹುದು. ಇದ್ರಲ್ಲಿ ಹಠ ಬೇಡ.

ಗಾಡಿ ನೀರಲ್ಲಿ ಬಿದ್ದು ಆಫ್ ಆದ್ರೆ ಗಾಬರೀಲಿ ಸೆಲ್ಫ್ ಒತ್ಬೇಡಿ. ಏರ್ ಫಿಲ್ಟರ್ ದಾಟಿ ಸಿಲಿಂಡರ್ ಒಳಗೆ ನೀರು ಹೋಗಿದ್ರೆ ಪಿಸ್ಟನ್ ಆ ನೀರನ್ನ ಒತ್ತೋಕಾಗ್ದೆ ಕನೆಕ್ಟಿಂಗ್ ರಾಡ್ ಬೆಂಡ್ ಆಗ್ಬಹುದು, ಅಲ್ಲಿಗೆ ಇಂಜಿನ್ ಬಿಚ್ಚೋ ಕೆಲ್ಸ. ನಾವು ತಳ್ಕೊಂಡು ದಡಕ್ಕೆ ತಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದ್ರ ವೈರನ್ನ ದೂರ ಇಟ್ಟು ಕಿಕ್ ಹೊಡೆದ್ವಿ, ಮೂರನೇ ಕಿಕ್ಕಿಗೆ ತೂತಿಂದ ಚಿರ್ ಅಂತ ನೀರು ಹಾರ್ತು. ಆಮೇಲೆ ಆಯಿಲ್ ನೋಡಿದ್ವಿ, ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ, ಆಗ ಬದಲಾಯಿಸ್ದೇ ಓಡಿಸ್ಬಾರ್ದು. ಪುಣ್ಯ, ನಮ್ಮದು ಸರಿಯಾಗಿತ್ತು. ಪ್ಲಗ್ ಸ್ಪ್ಯಾನರ್ ಒಂದಿಲ್ದೇ ಹೋಗಿದ್ರೆ ರಾತ್ರಿ ಅಲ್ಲೇ ಕಳೀಬೇಕಿತ್ತು, ಮರೀದೇ ಇಟ್ಕೊಳ್ಳಿ.

ಐದನೇ ಹಳ್ಳ ದಾಟಿ ಸ್ವಲ್ಪ ಮುಂದೆ ಇಳಿಜಾರು ಇತ್ತು, ಒದ್ದೆ ಬ್ರೇಕ್ ಮೊದ್ಲು ಸರಿಯಾಗಿ ಹಿಡಿಯೋದಿಲ್ಲ, ಡ್ರಮ್ ಬ್ರೇಕ್ ಆದ್ರಂತೂ ಒಣಗೋಕೆ ಇನ್ನೂ ಹೊತ್ತು ಬೇಕು. ಸಮತಟ್ಟಲ್ಲೇ ನಿಧಾನಕ್ಕೆ ಓಡಿಸ್ತಾ ನಾಲ್ಕೈದು ಸಲ ಮೆತ್ತಗೆ ಒತ್ತಿ ಬಿಟ್ಟು, ಹಿಡೀತಿದೆ ಅಂತ ಕಾಲಿಗೂ ಕೈಗೂ ಗೊತ್ತಾದ ಮೇಲೇ ಇಳಿಜಾರಿಗೆ ಬಿಟ್ವಿ.