ಹ್ಯಾಮ್ ಆಗಬೇಕು, ಯಾವ ಸೆಟ್ ಕೊಳ್ಳಲಿ?

ಹ್ಯಾಮ್ ರೇಡಿಯೋ ಎಂದರೆ ಲೈಸೆನ್ಸ್ ಪಡೆದು, ಸ್ವಂತ ಸೆಟ್ಟಿನಲ್ಲಿ ದೂರದವರೊಡನೆ ಮಾತಾಡುವ ಹವ್ಯಾಸ. ಅದರ ಬಗ್ಗೆ ಆಸಕ್ತಿ ಹುಟ್ಟಿದವರು ಮೊದಲು ಕೇಳುವುದು ಇದನ್ನೇ. ಜೊತೆಗೆ ಒಂದೆರಡು ಮಾಡೆಲ್‌ಗಳ ಹೆಸರು, ಅವುಗಳ ಬೆಲೆ, ‘ಇದರಲ್ಲಿ ಅಮೆರಿಕ ಸಿಗುತ್ತಾ?’ ಎಂಬ ಮಾತು. ಎಲ್ಲರಿಗೂ ನನ್ನ ಉತ್ತರ ಒಂದೇ: ಸೆಟ್ಟನ್ನು ಕೊನೆಗೆ ಕೊಳ್ಳಿ. ಮೊದಲು ಕಿವಿ ಪಳಗಲಿ, ಆಮೇಲೆ ಲೈಸೆನ್ಸ್, ಆಮೇಲೆ ಮಾಳಿಗೆ ಮೇಲೆ ಆಂಟೆನಾ ತಂತಿ. ಸೆಟ್ ಆಮೇಲಿನ ಮಾತು.

ಇದಕ್ಕೆ ಒಂದು ಕಾರಣ ಕಾನೂನು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಬಳಸುವುದು ಹಾಗಿರಲಿ, ಇಟ್ಟುಕೊಳ್ಳುವುದೂ ಅಪರಾಧ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಕ್ಕಿತೆಂಬ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಅಗ್ಗದ ಚೀನೀ ಹ್ಯಾಂಡಿಗಳು (ಕೈಯಲ್ಲಿ ಹಿಡಿಯುವ ಸೆಟ್‌ಗಳು) ಹ್ಯಾಮ್‌ಗಳಿಗೆಂದು ಬಿಟ್ಟ ಬ್ಯಾಂಡಿನ ಆಚೆಗೂ ಟ್ರಾನ್ಸ್‌ಮಿಟ್ ಮಾಡುತ್ತವೆ. ಗೊತ್ತಿಲ್ಲದೆ ಬಟನ್ ಒತ್ತಿದರೆ ಪೊಲೀಸರದ್ದೋ ಬೇರೆ ಇಲಾಖೆಯದ್ದೋ ಚಾನೆಲ್ ಮೇಲೆ ಹೋಗಿ ಕೂರುತ್ತೀರಿ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಒಂದೂವರೆ ಲಕ್ಷದ ಸೆಟ್ಟಿಗೆ ಕೆಟ್ಟ ಆಂಟೆನಾ ಕಟ್ಟಿದವರಿಗಿಂತ ಐದು ವಾಟ್‌ನ ಸೆಟ್ಟಿಗೆ ಒಳ್ಳೆಯ ತಂತಿ ಕಟ್ಟಿದವರು ಹೆಚ್ಚು ದೂರ ಮಾತಾಡುತ್ತಾರೆ.

ಕೇಳುವುದಕ್ಕೆ ಇವತ್ತೇ ಶುರು ಮಾಡಬಹುದು, ಖರ್ಚಿಲ್ಲ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆದರೆ ಅಲ್ಲಿನ ರಿಸೀವರನ್ನು ನಮ್ಮ ಮೊಬೈಲಿನಿಂದಲೇ ಟ್ಯೂನ್ ಮಾಡಬಹುದು. ಒಂದು ಗುಟ್ಟು ತಿಳಿದಿರಲಿ: ಹ್ಯಾಮ್‌ಗಳ ರೂಢಿಯಲ್ಲಿ 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತು ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್) ಮೋಡ್‌ನಲ್ಲಿ, ಮೇಲೆ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ನಲ್ಲಿ. ಇದು ತಪ್ಪಿದರೆ ಎಷ್ಟು ತಿರುಗಿಸಿದರೂ ಬಾತುಕೋಳಿಯ ಸದ್ದೇ ಬರುತ್ತದೆ, ಹೊಸಬರು ರೇಡಿಯೋ ಕೆಟ್ಟಿದೆ ಎಂದುಕೊಳ್ಳುತ್ತಾರೆ. ನಮ್ಮದೇ ಆಕಾಶವನ್ನು ಕೇಳಬೇಕೆಂದರೆ ಆರ್‌ಟಿಎಲ್‌ಎಸ್‌ಡಿಆರ್ ಡಾಂಗಲ್ ಕೊಂಡು ಲ್ಯಾಪ್‌ಟಾಪಿಗೆ ಚುಚ್ಚಿ. ಅದು ಬರೀ ರಿಸೀವರ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಧ್ವನಿ 145.800 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. ನಿಲ್ದಾಣ ತಲೆ ಮೇಲೆ ಹಾಯುವ ಹೆಚ್ಚೆಂದರೆ ಹತ್ತು ನಿಮಿಷದಲ್ಲಿ ಅದನ್ನು ಹಿಡಿಯಲು ಅರ್ಧ ಮೀಟರ್ ತಂತಿ ಸಾಕು.

ಇನ್ನು ಪರೀಕ್ಷೆ. ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ಲೈಸೆನ್ಸ್ ಕೊಡುತ್ತದೆ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು, ಎಂಜಿನಿಯರಿಂಗ್ ಓದಿರಬೇಕೆಂದಿಲ್ಲ. ದರ್ಜೆ ಎರಡು. ರಿಸ್ಟ್ರಿಕ್ಟೆಡ್ ದರ್ಜೆಗೆ ಒಂದು ಗಂಟೆಯ ಲಿಖಿತ ಪರೀಕ್ಷೆ ಮಾತ್ರ. ಪಾಸಾದವರ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು) ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ಎರಡು ಗಂಟೆಯ ಪತ್ರಿಕೆ, ಜೊತೆಗೆ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತ, ಕಾಲ್‌ಸೈನ್ ವಿಯು2. ಮೊದಲನೆಯದಕ್ಕೆ 50 ವಾಟ್ ಮಿತಿ, ಎರಡನೆಯದಕ್ಕೆ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) 400 ವಾಟ್. ಪರೀಕ್ಷಾ ಶುಲ್ಕ 100 ರೂಪಾಯಿ, ಲೈಸೆನ್ಸಿಗೆ 20 ವರ್ಷಕ್ಕೆ 1000, ಆಜೀವಕ್ಕೆ 2000 ಎಂಬ ಲೆಕ್ಕ ಬಹುಕಾಲದಿಂದ ನಡೆದುಬಂದಿದೆ. ಆದರೂ ಹಣ ಕಟ್ಟುವ ದಿನ ಪೋರ್ಟಲ್ ತೋರಿಸುವ ಮೊತ್ತವೇ ಅಂತಿಮ.

ಪತ್ರಿಕೆಯಲ್ಲಿ ಎರಡು ಭಾಗ: ರೇಡಿಯೋ ಸಿದ್ಧಾಂತ ಮತ್ತು ನಿಯಮಾವಳಿ. ರಿಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲೂ ಶೇಕಡಾ 40, ಒಟ್ಟು 50 ಬೇಕು. ಜನರಲ್‌ಗೆ 50 ಮತ್ತು 55. ‘ಪ್ರತಿ ಭಾಗದಲ್ಲೂ’ ಎಂಬಲ್ಲೇ ಜನ ಎಡವುವುದು. ಎಲೆಕ್ಟ್ರಾನಿಕ್ಸ್ ಓದಿದವರು ಓಮ್ ನಿಯಮ, ರೆಸೊನೆನ್ಸ್, ಸೂಪರ್‌ಹೆಟ್ ರಿಸೀವರ್ ಎಲ್ಲ ಬಲ್ಲೆವೆಂದು ಹೋಗಿ ನಿಯಮಾವಳಿಯಲ್ಲಿ ಸೋಲುತ್ತಾರೆ. ಕ್ಯೂ ಕೋಡ್‌ಗಳು (ಕ್ಯೂ ಅಕ್ಷರದಿಂದ ಶುರುವಾಗುವ ಮೂರಕ್ಷರದ ಸಂಕೇತಗಳು), ಅಕ್ಷರ ಹೇಳುವ ಆಲ್ಫಾ ಬ್ರಾವೊ ಪಟ್ಟಿ, ಅಪಾಯದ ಕರೆಗೆ ಹೇಗೆ ದಾರಿ ಬಿಡಬೇಕು, ಮಾತುಕತೆಗಳ ದಾಖಲೆಯಾದ ಲಾಗ್ ಹೇಗೆ ಬರೆಯಬೇಕು, ವ್ಯಾಪಾರದ ಮಾತು, ಗುಪ್ತ ಭಾಷೆ ಏಕೆ ನಿಷಿದ್ಧ, ಇವನ್ನೆಲ್ಲ ಬಾಯಿಪಾಠ ಮಾಡಲೇಬೇಕು. ಬೇರೆಯವರ ಸಂದೇಶ ರವಾನಿಸಬಾರದೆಂಬ ನಿಯಮಕ್ಕೆ ವಿಪತ್ತಿನ ಹೊತ್ತಿನಲ್ಲಿ ವಿನಾಯಿತಿ ಇದೆ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಡಿದಾಗ ಹ್ಯಾಮ್ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಜೊತೆಗಾರರು ಅಂಡಮಾನಿನ ಸಂದೇಶಗಳನ್ನು ಹೊರಗೆ ಮುಟ್ಟಿಸಿದ್ದನ್ನು ನೆನೆದರೆ ಆ ವಿನಾಯಿತಿಯ ಅರ್ಥ ತಿಳಿಯುತ್ತದೆ.

ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಈ ಪರೀಕ್ಷೆ ನಡೆಸುವ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ಗಳಿವೆ. ಎರಡೂ ಊರಿನಲ್ಲಿ ಹಳೆಯ ಹ್ಯಾಮ್ ಕ್ಲಬ್‌ಗಳಿವೆ. ಹೊಸಬರಿಗೆ ಪಾಠ ಹೇಳುವ ಹಿರಿಯರು ಅಲ್ಲಿ ಸಿಗುತ್ತಾರೆ. ಪರೀಕ್ಷೆ ಪಾಸಾದ ಮೇಲೂ ಲೈಸೆನ್ಸ್ ಕೈಗೆ ಬರಲು ತಿಂಗಳುಗಳು ಹಿಡಿಯಬಹುದು. ಅರ್ಜಿಯಲ್ಲಿರುವ ಹೆಸರು, ವಿಳಾಸ ಮತ್ತು ಗುರುತಿನ ದಾಖಲೆಯಲ್ಲಿರುವುದು ಒಂದಕ್ಷರವೂ ಬೇರೆಯಾಗದಂತೆ ನೋಡಿಕೊಳ್ಳಿ. ಇನಿಷಿಯಲ್ ಒಂದೆಡೆ ಮುಂದೆ, ಇನ್ನೊಂದೆಡೆ ಹಿಂದೆ ಬಂದರೂ ಅರ್ಜಿ ವಾಪಸಾದೀತು.

ಮೋರ್ಸ್ ಕಲಿಯುವವರಿಗೆ ಒಂದು ಮಾತು. ಚುಕ್ಕೆ ಗೆರೆಗಳ ಚಾರ್ಟನ್ನು ಗೋಡೆಗೆ ಅಂಟಿಸಬೇಡಿ. ಜನರಲ್ ದರ್ಜೆಗೆ ಬೇಕಾದದ್ದು ನಿಮಿಷಕ್ಕೆ 8 ಪದ. ಪದಕ್ಕೆ ಐದಕ್ಷರದಂತೆ 40 ಅಕ್ಷರ. ಕಣ್ಣಿನಿಂದ ಕಲಿತವರು ಪ್ರತಿ ಅಕ್ಷರಕ್ಕೂ ಮನಸ್ಸಿನಲ್ಲಿ ಚಾರ್ಟ್ ಹುಡುಕುತ್ತಾ ಐದನೇ ಪದದ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಒಂದೊಂದು ಅಕ್ಷರದ ವೇಗ 15ರಿಂದ 18 ಪದದಷ್ಟಿರಲಿ, ಅಕ್ಷರಗಳ ನಡುವಿನ ಬಿಡುವು ಮಾತ್ರ ಹೆಚ್ಚಿರಲಿ. ಆಗ ಅಕ್ಷರ ಒಂದು ತಾಳವಾಗಿ ಕಿವಿಗೆ ಇಳಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ, ಒಂದು ದಿನವೂ ತಪ್ಪದೆ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂತರೆ ಬರುವ ವಿದ್ಯೆಯಲ್ಲ ಇದು.

ಲೈಸೆನ್ಸ್ ಬರುವವರೆಗಿನ ತಿಂಗಳುಗಳನ್ನು ಆಂಟೆನಾಕ್ಕೆ ಕೊಡಿ. ಮೊದಲನೆಯದು 7 ಮೆಗಾಹರ್ಟ್ಸ್‌ನ ಡೈಪೋಲ್ ಆಗಲಿ: ನಡುವೆ ಕೇಬಲ್, ಎರಡೂ ಕಡೆಗೆ ಒಂದೊಂದು ಕಾಲಿನಂತೆ ಚಾಚಿದ ತಂತಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ 20.14 ಮೀಟರ್, ಅಂದರೆ ಒಂದೊಂದು ಕಾಲು 10.07. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಚೆನ್ನಾಗಿ ಸಾಕು. ಆದರೆ ಮೇಲಿನ ಪ್ಲಾಸ್ಟಿಕ್ ಹೊದಿಕೆಯಿಂದ ರೆಸೊನೆನ್ಸ್ (ತಂತಿ ಹೊಂದಿಕೊಳ್ಳುವ ಆವರ್ತನ) ಶೇಕಡಾ ಎರಡು ಮೂರು ಕೆಳಗಿಳಿಯುತ್ತದೆ. ಹಾಗಾಗಿ ಕೊನೆಗೆ ಬೇಕಾಗುವ ಉದ್ದ ಲೆಕ್ಕಕ್ಕಿಂತ ತುಸು ಕಡಿಮೆಯೇ. ಆದರೂ ಮೊದಲು ಧಾರಾಳವಾಗಿ 10.4 ಮೀಟರ್ ಕತ್ತರಿಸಿ ಏರಿಸಿ, ಅಳೆಯಿರಿ, ಆಮೇಲೆ ಕಿರಿದು ಮಾಡಿ. ನ್ಯಾನೊವಿಎನ್‌ಎ ಎಂಬ ಚಿಕ್ಕ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸೆಟ್ಟಿಗಿಂತ ಮೊದಲು ಕೊಳ್ಳಲೇಬೇಕಾದ ಉಪಕರಣ ಅದೊಂದೇ. ಮೊದಲ ಅಳತೆಯಲ್ಲಿ 6.8 ಮೆಗಾಹರ್ಟ್ಸ್ ಬಂತೆನ್ನಿ: 10.4ನ್ನು 6.8ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 9.96. ಪ್ರತಿ ಕಡೆ 44 ಸೆಂಟಿಮೀಟರ್ ಹೆಚ್ಚಾಗಿದೆ ಎಂದಾಯಿತು. ಅಷ್ಟನ್ನೂ ಒಮ್ಮೆಗೇ ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿ ಇನ್ನೊಮ್ಮೆ ಅಳೆಯಿರಿ. ಕತ್ತರಿಸಿದ ತಂತಿ ಬೆಳೆಯುವುದಿಲ್ಲ.

ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾ ಎಷ್ಟು ಹೊಂದಿದೆ ಎಂದು ಮೀಟರ್ ತೋರಿಸುವ ಅಂಕಿ, 1.5 ಬಂದರೆ ನಿಲ್ಲಿಸಿ. ಆಗ ಆಂಟೆನಾದಿಂದ ವಾಪಸು ಬರುವ ಶಕ್ತಿ ಶೇಕಡಾ 4 ಮಾತ್ರ. 2 ಇದ್ದರೂ 11. 1.1ರ ಬೆನ್ನು ಹತ್ತಿ ಇಡೀ ದಿನ ಏಣಿ ಹತ್ತಿಳಿಯುವುದರಿಂದ ಎದುರಿನವರಿಗೆ ಕೇಳಿಸುವಷ್ಟು ವ್ಯತ್ಯಾಸ ಆಗುವುದಿಲ್ಲ.

ಡೈಪೋಲಿನ ನಡುವೆ ಕೇಬಲ್ ಸೇರುವಲ್ಲಿ, ಸೆಟ್ಟಿನಿಂದ ಬರುವ ಆರ್‌ಜಿ58 ಕೋಆಕ್ಸಿಯಲ್ ಕೇಬಲನ್ನೇ ನಾಲ್ಕೂವರೆ ಮೀಟರಿನಷ್ಟು ಆರು ಸುತ್ತು ಸುತ್ತಿ ಟೇಪ್ ಹಾಕಿ ಬಿಗಿಯಿರಿ. ಈ ಚೋಕ್ ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿಬಿಡುತ್ತದೆ. ಮೈಕ್ ಮುಟ್ಟಿದರೆ ಚುರುಕ್ ಎನ್ನುವುದು, ಪಕ್ಕದ ಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಬರುವುದು ಸಾಮಾನ್ಯವಾಗಿ ಇದರಿಂದಲೇ. ತುದಿಗಳಿಗೆ ಪಿವಿಸಿ ಪೈಪಿನ ತುಂಡು ಇನ್ಸುಲೇಟರ್ ಆಗುತ್ತದೆ. ಕೇಬಲಿನ ತುದಿಗೆ ನೀರು ಇಳಿಯದಂತೆ ಮುಚ್ಚಿ. ಒಂದು ಮಳೆಗಾಲದ ನೀರು ಕುಡಿದ ಕೇಬಲ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಒಳಗೆ ಜಾಲರಿ ಕಪ್ಪಾಗಿರುತ್ತದೆ.

ಮಲೆನಾಡಿನವರಿಗೆ ಅಡಿಕೆ, ತೆಂಗಿನ ಮರಗಳಿರುವಾಗ ಕಂಬದ ಚಿಂತೆಯಿಲ್ಲ. ಆದರೆ ಗಾಳಿಗೆ ಮರಗಳು ಬಾಗುತ್ತವೆ, ಬಿಗಿಯಾಗಿ ಕಟ್ಟಿದ ತಂತಿ ಮೊದಲ ಮಳೆಗೇ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆ ಮೇಲಿಂದ ಇಳಿಬಿಟ್ಟು ಮರಳು ತುಂಬಿದ ಕ್ಯಾನ್ ಕಟ್ಟಿ. ಮರ ಬಾಗಿದಂತೆ ಕ್ಯಾನ್ ಏರುತ್ತದೆ, ಇಳಿಯುತ್ತದೆ, ತಂತಿ ಉಳಿಯುತ್ತದೆ. ಊರೊಳಗಿನ ಮನೆಯಾದರೆ ಮಾಳಿಗೆ ನಡುವೆ ಒಂದು ಬಿದಿರು ನಿಲ್ಲಿಸಿ, ಎರಡೂ ಕಾಲುಗಳನ್ನು ಇಳಿಜಾರಾಗಿ ಕಟ್ಟಿ. ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗದಿರಲಿ, ತುದಿಗಳು ಜನರ ಕೈಗೆಟುಕದಿರಲಿ. ವಿದ್ಯುತ್ ಲೈನಿನ ಹತ್ತಿರಕ್ಕಂತೂ ಹೋಗಲೇಬೇಡಿ: ತಂತಿ ಹರಿದು ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು.

ಆರೆಂಟು ಮೀಟರ್ ಎತ್ತರದ 7 ಮೆಗಾಹರ್ಟ್ಸ್ ಡೈಪೋಲ್ ಶಕ್ತಿಯನ್ನು ಬಹುಪಾಲು ನೇರ ಮೇಲಕ್ಕೆ ಕಳಿಸುತ್ತದೆ. ಅದು ಮೇಲಿನ ವಾತಾವರಣದ ಅಯಾನುಗೋಳದಿಂದ ಮಳೆಯಂತೆ ಕೆಳಗಿಳಿಯುವುದರಿಂದ ಹಗಲಲ್ಲಿ ಬೆಂಗಳೂರಿಂದ ಕಲಬುರಗಿ, ಕೊಚ್ಚಿ, ಚೆನ್ನೈ ಚೆನ್ನಾಗಿ ಸಿಗುತ್ತವೆ. ಯುರೋಪ್, ಜಪಾನ್ ಬೇಕೆಂದರೆ ಅದೇ ಮಾಳಿಗೆಯಲ್ಲಿ 14 ಮೆಗಾಹರ್ಟ್ಸ್‌ಗೆ ಐದು ಮೀಟರಿನ ಕಾಲುಗಳ ಡೈಪೋಲ್ ಕಟ್ಟಿ. ಅದಕ್ಕೆ ಹತ್ತು ಮೀಟರ್ ಎತ್ತರವೇ ಅರ್ಧ ತರಂಗಾಂತರ, ಶಕ್ತಿ ದಿಗಂತದ ಕಡೆ ಬಾಗುತ್ತದೆ.

ಹ್ಯಾಂಡಿಗಳ 145 ಮೆಗಾಹರ್ಟ್ಸ್‌ಗೆ ಆಂಟೆನಾ ಇನ್ನೂ ಸುಲಭ. ಒಂದು ಚಾಸಿ ಸಾಕೆಟ್ಟಿನ ನಡುವೆ 49 ಸೆಂಟಿಮೀಟರ್ ಹಿತ್ತಾಳೆ ಕಡ್ಡಿ, ನಾಲ್ಕು ಮೂಲೆಗೆ 51 ಸೆಂಟಿಮೀಟರಿನ ನಾಲ್ಕು ಕಡ್ಡಿಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿ. ನೆಲಕ್ಕೆ ಸಮಾನಾಂತರವಾಗಿ ಚಾಚಿದರೆ ಇಂಪೀಡೆನ್ಸ್ 36 ಓಮ್ ಆಸುಪಾಸು. ಬಾಗಿಸಿದಾಗ ಕೇಬಲಿಗೆ ಹೊಂದುವ 50ಕ್ಕೆ ಹತ್ತಿರ ಬರುತ್ತದೆ. ಇಲ್ಲಿ ಕೇಬಲ್ ವಿಷಯದಲ್ಲಿ ಎಚ್ಚರ. 20 ಮೀಟರ್ ಆರ್‌ಜಿ58 ಈ ಆವರ್ತನದಲ್ಲಿ ಸುಮಾರು 4 ಡೆಸಿಬೆಲ್ ನುಂಗುತ್ತದೆ: ಹ್ಯಾಂಡಿಯಿಂದ ಹೊರಟ 5 ವಾಟ್ ಮೇಲೆ ತಲುಪುವಾಗ 2 ವಾಟ್. 7 ಮೆಗಾಹರ್ಟ್ಸ್‌ನಲ್ಲಿ ಅದೇ ಕೇಬಲಿನ ನಷ್ಟ ಒಂದು ಡೆಸಿಬೆಲ್ಲಿಗಿಂತ ಕಡಿಮೆ, ಅಲ್ಲಿ ಯೋಚನೆ ಬೇಡ.

ಈಗ ನಗರದವರ ನಿಜವಾದ ಶತ್ರು: ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಯುಪಿಎಸ್, ಸೋಲಾರ್ ಇನ್ವರ್ಟರ್, ಎಲ್ಲವೂ ಎಚ್‌ಎಫ್‌ನಲ್ಲಿ ಅರಚುತ್ತವೆ. ರಿಸೀವರನ್ನು ಬ್ಯಾಟರಿಯಲ್ಲಿ ನಡೆಸುತ್ತಾ ಮನೆಯ ಮೇನ್ ಆಫ್ ಮಾಡಿ, ಯುಪಿಎಸ್ ಇದ್ದರೆ ಅದನ್ನೂ. ಗದ್ದಲ ಇಳಿದರೆ ಮೂಲ ಮನೆಯೊಳಗಿದೆ. ಒಂದೊಂದೇ ಎಂಸಿಬಿ ಹಾಕುತ್ತಾ ಹೋಗಿ, ಅಪರಾಧಿ ಸಿಗುತ್ತದೆ. ಬಹಳ ಸಲ ಅದು ಒಂದೇ ಒಂದು ಅಗ್ಗದ ಬಲ್ಬ್ ಆಗಿರುತ್ತದೆ. ಇಳಿಯದಿದ್ದರೆ ತಂತಿಯನ್ನು ಮನೆಯಿಂದ ದೂರ ಸರಿಸುವುದೊಂದೇ ದಾರಿ. ನೂರು ವಾಟ್ ಕೊಟ್ಟರೂ ಕಿವುಡುತನ ಹೋಗುವುದಿಲ್ಲ.

ಏಪ್ರಿಲ್, ಮೇ ಸಂಜೆಗಳ ಗುಡುಗು ಸಿಡಿಲಿನ ಹೊತ್ತಿಗೆ ಕೇಬಲ್ ಬಿಚ್ಚಿ ಹೊರಗಿಡುವುದು ಅಭ್ಯಾಸವಾಗಲಿ. ಮೋಡ ಕಟ್ಟುವ ಮೊದಲೇ ಬಿಚ್ಚಬೇಕು, ಗುಡುಗು ಕೇಳಿದ ಮೇಲಲ್ಲ. ಆಂಟೆನಾಕ್ಕೆ ಹಾಕಿದ ಅರ್ತ್ ರಾಡನ್ನು ಮನೆಯ ಅರ್ತಿಂಗಿಗೂ ದಪ್ಪ ತಂತಿಯಿಂದ ಜೋಡಿಸಿ. ಎರಡನ್ನೂ ಬೇರೆ ಬೇರೆ ಬಿಟ್ಟರೆ ಸಿಡಿಲಿನ ಹೊತ್ತಿನಲ್ಲಿ ಎರಡರ ನಡುವೆ ಏಳುವ ವೋಲ್ಟೇಜು ನಿಮ್ಮ ಸೆಟ್ಟಿನ ಮೂಲಕವೇ ಹರಿಯುತ್ತದೆ.

ಕೊನೆಗೂ ಸೆಟ್. ವಿಯು3 ಸಿಕ್ಕಿದವರಿಗೆ ಊರಲ್ಲಿ ರಿಪೀಟರ್ (ಸಣ್ಣ ಸೆಟ್ಟಿನ ದನಿ ಹಿಡಿದು ಎತ್ತರದಿಂದ ಮತ್ತೆ ಬಿತ್ತರಿಸುವ ಸ್ಟೇಷನ್) ಇದ್ದರೆ ಒಂದು ಹ್ಯಾಂಡಿ ಸಾಕು. 144ರಿಂದ 146, 434ರಿಂದ 438 ಮೆಗಾಹರ್ಟ್ಸ್ ಬಿಟ್ಟು ಬೇರೆಡೆ ಟ್ರಾನ್ಸ್‌ಮಿಟ್ ಆಗದಂತೆ ಪ್ರೋಗ್ರಾಂ ಮಾಡಿ. ‘ಎಲ್ಲರ ಮಾತೂ ಕೇಳಿಸುತ್ತದೆ, ರಿಪೀಟರ್ ನನಗೆ ತೆರೆಯುತ್ತಿಲ್ಲ’ ಎಂಬ ದೂರಿಗೆ ಹೆಚ್ಚಾಗಿ ಕಾರಣ ಎರಡೇ: 600 ಕಿಲೋಹರ್ಟ್ಸ್ ಕೆಳಗಿನ ಆಫ್‌ಸೆಟ್ (ಕೇಳುವ ಆವರ್ತನಕ್ಕಿಂತ ಅಷ್ಟು ಕೆಳಗೆ ಮಾತು ಕಳಿಸುವುದು) ಹಾಕಿಲ್ಲ, ಇಲ್ಲವೇ ರಿಪೀಟರ್ ತೆರೆಯುವ ಟೋನ್ ಹಾಕಿಲ್ಲ. ಎಚ್‌ಎಫ್‌ಗೆ ಹೈದರಾಬಾದಿನ ಅಷರ್ ಫರ್ಹಾನ್ ರೂಪಿಸಿದ ಬಿಟ್ಎಕ್ಸ್ ಕುಟುಂಬದ ಸೆಟ್‌ಗಳನ್ನು ನಾನು ಮೊದಲು ಹೇಳುತ್ತೇನೆ. ಹೆಚ್ಚಿನವು ಹತ್ತು ವಾಟ್‌ನ ಆಸುಪಾಸಿನವು, ಸರ್ಕ್ಯೂಟ್ ಎಲ್ಲರಿಗೂ ತೆರೆದದ್ದು, ಕೆಟ್ಟರೆ ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗಗಳಲ್ಲೇ ಬಹುಪಾಲು ರಿಪೇರಿ ಆಗುತ್ತದೆ. ನೂರು ವಾಟ್‌ನ ಸೆಟ್ ಕೊಳ್ಳುವವರು ಅದು 13.8 ವೋಲ್ಟ್‌ನಲ್ಲಿ 20 ಆಂಪಿಯರ್ ದಾಟಿ ಎಳೆಯುತ್ತದೆಂದು ನೆನಪಿಡಿ. 2.5 ಚದರ ಮಿಲಿಮೀಟರ್ ವೈರಿನಲ್ಲಿ ಮೂರು ಮೀಟರ್ ದೂರ ಹೋಗಿ ಬರುವಷ್ಟರಲ್ಲೇ 0.9 ವೋಲ್ಟ್ ಕಳೆಯುತ್ತದೆ; ಇನ್ವರ್ಟರ್ ಬ್ಯಾಟರಿಯಿಂದ ನಡೆಸಿದರೆ ಮಾತಿನ ನಡುವೆಯೇ ಸೆಟ್ ಆಫ್ ಆಗುವುದು ಇದರಿಂದ. 6 ಚದರ ಮಿಲಿಮೀಟರ್ ವೈರ್ ಹಾಕಿ, ಪ್ಲಸ್ ಮೈನಸ್ ಎರಡಕ್ಕೂ ಫ್ಯೂಸ್ ಇರಲಿ. ಜೊತೆಗೆ ವಿಯು3 ಆದರೆ ಪವರ್ 50ಕ್ಕೆ ಇಳಿಸಿ.

ಮೊದಲ ಮಾತುಕತೆಗೆ ಬೆಳಿಗ್ಗೆಯ 7 ಮೆಗಾಹರ್ಟ್ಸ್ ಒಳ್ಳೆಯದು. ಎರಡು ನಿಮಿಷ ಸುಮ್ಮನೆ ಆಲಿಸಿ, ಆವರ್ತನ ಖಾಲಿ ಇದೆಯೇ ಎಂದು ಕೇಳಿ, ಆಮೇಲೆ ಕರೆಯಿರಿ. ಕಾಲ್‌ಸೈನ್ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಮಾತಾಡಿ. ಎಲ್ಲರಿಗೂ ತಿಳಿಯುವ ಸಾದಾ ಭಾಷೆ ಇರಬೇಕೆಂಬುದಷ್ಟೇ ನಿಯಮ. ಲಾಗ್‌ನಲ್ಲಿ ಸಮಯವನ್ನು ಎಲ್ಲ ದೇಶಕ್ಕೂ ಒಂದೇ ಆದ ಯುಟಿಸಿಯಲ್ಲಿ ಬರೆಯಿರಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಐದೂವರೆಗೆ ಮುಂಚೆ ಆದ ಮಾತುಕತೆಗೆ ದಿನಾಂಕವೂ ಹಿಂದಿನ ದಿನದ್ದೇ. ಇದನ್ನು ಮರೆತವರ ಕ್ಯೂಎಸ್‌ಎಲ್ ಕಾರ್ಡ್ (ಮಾತುಕತೆ ಆಯಿತೆಂದು ಖಚಿತಪಡಿಸುವ ಕಾರ್ಡ್) ಎದುರಿನವರ ಲಾಗಿಗೆ ಹೊಂದದೆ ಹಾಗೇ ಉಳಿದುಬಿಡುತ್ತದೆ.