ಮೈದಾನ ಹೋದ ಮೇಲೆ ಕ್ಲಬ್ಬಲ್ಲಿ ಎಂತ ಉಳಿಯುತ್ತೆ?

2025ರ ಜುಲೈನಲ್ಲಿ ನಮ್ಮ ದೇಶದ ಮೇಲಿನ ಫುಟ್ಬಾಲ್ ಲೀಗು ಐಎಸ್ಎಲ್ ನಡೆಯೋದೇ ಡೌಟು ಅಂತ ಸುದ್ದಿ ಬಂತಲ್ಲ, ಆವಾಗ ಶಿವಮೊಗ್ಗದಲ್ಲಿ ಫುಟ್ಬಾಲ್ ನೋಡೋ ನಾಲ್ಕು ಜನ ಸಿಕ್ಕಿದಲ್ಲೆಲ್ಲ ಅದೇ ಮಾತು. ಆಗಸ್ಟಲ್ಲಿ ಬೆಂಗಳೂರು ಎಫ್‌ಸಿ ಫಸ್ಟ್ ಟೀಮ್ ಆಟಗಾರರದ್ದು, ಸಿಬ್ಬಂದಿದ್ದು ಸಂಬಳ ಸದ್ಯಕ್ಕೆ ನಿಲ್ಲಿಸಿದೀವಿ ಅಂದಾಗ ಎಲ್ರಿಗೂ ಶಾಕ್ ಆಯ್ತು, ಛೆತ್ರಿ ಆಡೋ ಟೀಮಿಗೇ ಹಿಂಗಾ ಅಂತ. ನಂಗೂ ಬೇಜಾರಾಯ್ತು, ಆದ್ರೆ ಆಶ್ಚರ್ಯ ಆಗ್ಲಿಲ್ಲ. ಯಾಕಂದ್ರೆ ಮೇಲಿನ ಲೀಗಲ್ಲಿ ಆ ವರ್ಷ ಆಗಿದ್ದು ಕೆಳಗಿನ ಡಿವಿಷನ್ನುಗಳಲ್ಲಿ ಎಷ್ಟೋ ವರ್ಷದಿಂದ ನಡೀತಾನೇ ಇದೆ, ಅದು ಪೇಪರಲ್ಲಿ ಬರಲ್ಲ ಅಷ್ಟೆ.

ನಮ್ಮ ಬೀದಿ ಹುಡುಗ ಒಬ್ಬ ಇದಾನೆ, ಹೆಸರು ಬೇಡ. ಲೆಫ್ಟ್ ಬ್ಯಾಕ್ ಆಡ್ತಾನೆ, ಓಟ ಅಂದ್ರೆ ಓಟ, ನೆಹರು ಸ್ಟೇಡಿಯಮ್ಮಲ್ಲಿ ಬೆಳಗ್ಗೆ ಬೆಳಗ್ಗೆ ಮಂಜಲ್ಲೇ ಪ್ರಾಕ್ಟೀಸ್ ಮಾಡಿ ಬೆಳೆದವನು. ಬೆಂಗಳೂರಲ್ಲಿ ಒಂದು ಕ್ಲಬ್ಬಿಗೆ ಸೆಲೆಕ್ಟ್ ಆದ, ತಿಂಗಳಿಗೆ ಇಷ್ಟು ಅಂತ ಮಾತಾಯ್ತು, ಊಟ ರೂಮು ಕ್ಲಬ್ಬಿಂದು ಅಂದ್ರು. ಮೊದಲಿಗೆ ಸಂಬಳ ಸರಿಯಾಗಿ ಬಂತು, ಆಮೇಲೆ ಅರ್ಧ ಬಂತು, ಆಮೇಲೆ ಮ್ಯಾನೇಜರ್ ಕಡೆಯಿಂದ ವಾಟ್ಸಾಪ್ ಮೆಸೇಜ್ ಮಾತ್ರ ಬರೋಕೆ ಶುರುವಾಯ್ತು. ಆ ಮೆಸೇಜುಗಳನ್ನ ನಂಗೆ ತೋರ್ಸಿದ. "ನೆಕ್ಸ್ಟ್ ವೀಕ್ ಪಕ್ಕಾ", "ಸ್ಪಾನ್ಸರ್ ಚೆಕ್ ಕ್ಲಿಯರ್ ಆಗ್ಬೇಕು", "ಎಲ್ರಿಗೂ ಒಟ್ಟಿಗೆ ಹಾಕ್ತೀವಿ", ಮತ್ತೆ "ನೆಕ್ಸ್ಟ್ ವೀಕ್ ಪಕ್ಕಾ". ಬೂಟಿನ ಅಡಿ ಬಾಯಿ ಬಿಟ್ಟಿತ್ತು, ರಜಕ್ಕೆ ಬಂದಾಗ ಬಸ್ ಸ್ಟ್ಯಾಂಡ್ ಹತ್ರ ಹೊಲಿಸಿಕೊಂಡು ಅದರ ಮೇಲೆ ಫೆವಿಕ್ವಿಕ್ ಹಾಕ್ಕೊಂಡು ವಾಪಸ್ ಹೋದ. ಹೋಗೋವಾಗ ಹೇಳಿದ್ದು ಒಂದೇ ಮಾತು, "ಅಣ್ಣ, ಮನೇಲಿ ಹೇಳ್ಬೇಡ ಅಣ್ಣ, ಗೊತ್ತಾದ್ರೆ ಅಮ್ಮ ಆಟ ಬಿಟ್ಟು ವಾಪಸ್ ಬಾ ಅಂತಾಳೆ."

ಬೇರೆ ಕ್ಲಬ್ಬಿಗೆ ಹೋಗಬಾರದಾ ಅಂತ ಕೇಳ್ತೀರಿ. ಒಂದು ಸಲ ಒಂದು ಕ್ಲಬ್ಬಿನ ಹೆಸರಲ್ಲಿ ಫೆಡರೇಷನ್ ಸಿಸ್ಟಮ್ಮಲ್ಲಿ ರಿಜಿಸ್ಟರ್ ಆದ್ರೆ ಕ್ಲಬ್ ಬಿಡದೆ, ಆಟಗಾರರು ಕ್ಲಬ್ ಬದಲಾಯಿಸೋಕೆ ಅಂತ ಇರೋ ಟ್ರಾನ್ಸ್‌ಫರ್ ವಿಂಡೋ ತೆರೆಯದೆ ಸುಮ್ನೆ ಇನ್ನೊಂದು ಕಡೆ ಹೋಗಿ ಆಡೋಕಾಗಲ್ಲ. ಕಂಪ್ಲೇಂಟ್ ಕೊಡಬಹುದು, ಆದ್ರೆ ಅದಕ್ಕೆ ಸಹಿ ಹಾಕಿದ ಕಾಂಟ್ರಾಕ್ಟ್ ಬೇಕು, ಇವನ ಹತ್ರ ಅದರ ಕಾಪಿನೇ ಇರ್ಲಿಲ್ಲ. ಸಹಿ ಹಾಕಿಸಿಕೊಂಡ್ರಂತೆ, ಕಾಪಿ ಆಮೇಲೆ ಕೊಡ್ತೀವಿ ಅಂದ್ರಂತೆ. ಕೊನೆಗೆ ಕೇರಳದ ಮಲಪ್ಪುರಂ ಕಡೆ ಸೆವೆನ್ಸ್ ಆಡೋಕೆ ಹೋದ. ಅಲ್ಲಿ ಏಳು ಏಳು ಜನದ ಆಟ, ರಾತ್ರಿ ಲೈಟಲ್ಲಿ, ಟಿಕೆಟ್ ಇಟ್ಟು ಆಡಿಸ್ತಾರೆ, ಗ್ಯಾಲರಿ ತುಂಬಿರುತ್ತೆ, ಮ್ಯಾಚ್ ಮುಗಿದ ಮೇಲೆ ದುಡ್ಡು ಕೈಗೆ. ಮಂಡಿಗೆ ಪೆಟ್ಟಾದ್ರೆ ಕೇಳೋರಿಲ್ಲ, ಗಟ್ಟಿ ನೆಲ, ಒರಟು ಆಟ, ಆದ್ರೂ ದುಡ್ಡು ಬರುತ್ತೆ. ಪ್ರೊಫೆಷನಲ್ ಅಂತ ಕರೆಸಿಕೊಳ್ಳೋ ಕ್ಲಬ್ಬಿಗಿಂತ ಗದ್ದೆ ಬಯಲಿನ ಟೂರ್ನಮೆಂಟೇ ನಂಬಿಕಸ್ತ ಆಯ್ತು ಅಂದ್ರೆ ಎಲ್ಲಿಗೆ ಬಂದಿದೀವಿ ನೋಡಿ.

ಇದು ನಮ್ಮ ದೇಶದ ಕರ್ಮ ಅನ್ಕೊಂಡ್ರೆ ಅಲ್ಲ. ಫುಟ್ಬಾಲ್ ಹುಟ್ಟಿದ ಇಂಗ್ಲೆಂಡಲ್ಲೇ ನೋಡಿ. ಮ್ಯಾಂಚೆಸ್ಟರ್ ಹತ್ರ ಬರಿ ಅಂತ ಒಂದು ಊರು, ಅಲ್ಲಿನ ಕ್ಲಬ್ 1885ರದ್ದು. 1900 ಮತ್ತೆ 1903ರಲ್ಲಿ ಅಲ್ಲಿನ ದೊಡ್ಡ ನಾಕೌಟ್ ಟೂರ್ನಮೆಂಟು ಎಫ್ಎ ಕಪ್ ಗೆದ್ದಿದ್ದು, 1903ರ ಫೈನಲಲ್ಲಿ ಡರ್ಬಿ ಕೌಂಟಿಗೆ 6-0 ಹೊಡೆದಿದ್ದು. ಆ ಕ್ಲಬ್ಬನ್ನ 2018ರ ಡಿಸೆಂಬರಲ್ಲಿ ಸ್ಟೀವ್ ಡೇಲ್ ಅನ್ನೋರು ಒಂದು ಪೌಂಡಿಗೆ ತಗೊಂಡ್ರು. ಒಂದು ಪೌಂಡು ಅಂದ್ರೆ ಸಾಲ ಸಮೇತ ಅಂತ ಅರ್ಥ. ಅದಕ್ಕಿಂತ ಮುಂಚಿನ ಮಾಲೀಕರ ಕಾಲದಲ್ಲೇ ಗಿಗ್ ಲೇನ್ ಮೈದಾನ ಅಡ ಬಿದ್ದಿತ್ತು, ಅಲ್ಲಿನ ಕಾರ್ ಪಾರ್ಕಿಂಗ್ ಜಾಗಗಳನ್ನೂ ಒಂದೊಂದಾಗಿ ಹೂಡಿಕೆ ಅಂತ ಜನಕ್ಕೆ ಮಾರಿದ್ರು. 2019ರಲ್ಲಿ ಸೀಸನ್ನಿನ ಕೊನೆ ತಿಂಗಳುಗಳಲ್ಲಿ ಸಂಬಳ ಸರಿಯಾಗಿ ಬರದೇ ಇದ್ರೂ ಆಟಗಾರರು ಆಡಿ ಟೀಮನ್ನ ಮೂರನೇ ಡಿವಿಷನ್ ಲೀಗ್ ಒನ್‌ಗೆ ಪ್ರಮೋಟ್ ಮಾಡಿಸಿದ್ರು, ಯೋಚನೆ ಮಾಡಿ, ಸಂಬಳ ಬಾಕಿ ಇಟ್ಕೊಂಡು ಪ್ರಮೋಷನ್! ಅಷ್ಟಾದ್ರೂ ಹೊಸ ಸೀಸನ್ನಲ್ಲಿ ಒಂದು ಲೀಗ್ ಮ್ಯಾಚೂ ಆಡೋಕೆ ಆಗ್ಲಿಲ್ಲ.

ಆಗಸ್ಟ್ 27ರ ದಿನ ಆಗಿದ್ದು ಓದಿದಾಗೆಲ್ಲ ನಂಗೆ ಹೊಟ್ಟೆ ಕಿವುಚಿದಂಗಾಗುತ್ತೆ. ಯಾರೋ ಕ್ಲಬ್ ಕೊಂಡುಕೊಳ್ತಾರೆ, ಮ್ಯಾಚ್ ನಡೆಯುತ್ತೆ ಅಂತ ಸುದ್ದಿ ಹಬ್ಬಿ ನೂರಾರು ಜನ ಬೆಳಗ್ಗೆಯೇ ಬಕೆಟು, ಪೊರಕೆ, ಬಟ್ಟೆ ಹಿಡ್ಕೊಂಡು ಸ್ಟೇಡಿಯಂ ಕ್ಲೀನ್ ಮಾಡೋಕೆ ಬಂದ್ರು. ಸೀಟು ಒರೆಸಿದ್ರು, ಕಳೆ ಕಿತ್ರು. ಅವರು ಒರೆಸ್ತಾ ಇರೋವಾಗ್ಲೇ ಆ ಕೊಳ್ಳೋರು ಹಿಂದೆ ಸರಿದ್ರು, ಸಂಜೆ ಐದಕ್ಕೆ ಗಡುವು ಮುಗೀತು, ರಾತ್ರಿ ಬರಿಯನ್ನ ಲೀಗಿಂದ ತೆಗೆದುಹಾಕಿದೀವಿ ಅಂತ ಅನೌನ್ಸ್ ಆಯ್ತು. ಅದಕ್ಕೆ ಕೆಲವೇ ದಿನ ಮುಂಚೆ ಕ್ಲಬ್ಬಿನ ಮಾಜಿ ಡೈರೆಕ್ಟರ್ ಒಬ್ಬರು ಸ್ಟೇಡಿಯಮ್ಮಿನ ನೀರಿನ ಪೈಪಿಗೆ ತಮ್ಮನ್ನೇ ಬೇಡಿ ಹಾಕಿ ಕಟ್ಟಿಕೊಂಡು ನಿಂತಿದ್ರು. ಹಿಂಗೆ ಪ್ರೀತಿಸೋ ಜನ ಇದ್ದ ಕ್ಲಬ್ ಜನ ಇಲ್ದೆ ಸತ್ತಿದ್ದಲ್ಲ. ಇಷ್ಟು ಜನಕ್ಕೆ ಸೇರಿದ್ದನ್ನ ಒಬ್ಬರ ಜೇಬಿಗೆ ಬಿಟ್ಟಿದ್ರಿಂದ ಸತ್ತಿದ್ದು.

ಹೆಂಗಾಗುತ್ತೆ ಅಂದ್ರೆ, ಕೆಳಗಿನ ಡಿವಿಷನ್ನಿಗೂ ಮೇಲಿನ ಡಿವಿಷನ್ನಿಗೂ ಟಿವಿ ದುಡ್ಡಲ್ಲಿ ಅಜಗಜಾಂತರ. ಮೇಲೆ ಹತ್ತಿಬಿಟ್ರೆ ಸಾಲ ಎಲ್ಲ ತೀರುತ್ತೆ ಅನ್ನೋ ಆಸೆಗೆ ದುಬಾರಿ ಆಟಗಾರರನ್ನ ತಗೋತಾರೆ. ಇಂಗ್ಲೆಂಡಿನ ಎರಡನೇ ಡಿವಿಷನ್ ಚಾಂಪಿಯನ್‌ಶಿಪ್ಪಲ್ಲಿ ಎಷ್ಟೋ ಸೀಸನ್ ಕ್ಲಬ್ಬುಗಳ ಒಟ್ಟು ಸಂಬಳದ ಬಿಲ್ಲು ಒಟ್ಟು ಆದಾಯಕ್ಕಿಂತ ಜಾಸ್ತಿ ಇತ್ತು, ಅಂದ್ರೆ ನೂರು ರೂಪಾಯಿ ದುಡಿದು ನೂರಕ್ಕಿಂತ ಜಾಸ್ತಿ ಬರೀ ಸಂಬಳಕ್ಕೇ ಕೊಡೋದು, ಕರೆಂಟು ಬಸ್ಸು ಹುಲ್ಲು ಎಲ್ಲ ಆಮೇಲೆ. ನಮ್ಮ ಕಡೆ ಕೆಲವರು ಕೊನೆ ಕೊಯ್ಯೋ ಮುಂಚೆನೇ ಮಂಡಿಯಲ್ಲಿ ಅಡಿಕೆ ಮೇಲೆ ಸಾಲ ಎತ್ತಿ ಮಗಳ ಮದುವೆ ಮಾಡಿಬಿಡ್ತಾರಲ್ಲ, ಆ ವರ್ಷ ಮಳೆ ಜಾಸ್ತಿಯಾಗಿ ಕೊಳೆ ರೋಗ ಹೊಡೀತು ಅಂದ್ರೆ ಮುಂದಿನ ವರ್ಷದ ಫಸಲೂ ಮಂಡಿಯವರದ್ದೇ, ಥೇಟ್ ಅದೇ ಲೆಕ್ಕ. 2002ರಲ್ಲಿ ಇಂಗ್ಲೆಂಡಿನ ಐಟಿವಿ ಡಿಜಿಟಲ್ ಅನ್ನೋ ಚಾನೆಲ್ ಮುಳುಗಿದಾಗ ಆಗಿದ್ದು ಇದೇ. ಕೆಳಗಿನ ಮೂರು ಡಿವಿಷನ್ನುಗಳಿಗೆ ಅಂತ 31.5 ಕೋಟಿ ಪೌಂಡಿನ ಕಾಂಟ್ರಾಕ್ಟ್ ಮಾಡ್ಕೊಂಡಿತ್ತು, ಕ್ಲಬ್ಬುಗಳು ಬರೋ ದುಡ್ಡನ್ನ ನಂಬಿ ಮೊದಲೇ ಖರ್ಚು ಮಾಡಿ ಕೂತಿದ್ವು, ಚಾನೆಲ್ಲೇ ಹೋಯ್ತು. ಬ್ರಾಡ್‌ಫರ್ಡ್, ಲೆಸ್ಟರ್ ಅಂಥ ಕ್ಲಬ್ಬುಗಳೂ ಅಡ್ಮಿನಿಸ್ಟ್ರೇಷನ್ನಿಗೆ, ಅಂದ್ರೆ ಸಾಲ ತೀರಿಸೋಕಾಗದೆ ಹೊರಗಿನ ಆಡಳಿತಗಾರರ ಕೈಗೆ, ಹೋದ್ವು.

ನಮ್ಮಲ್ಲಿ 2025ರಲ್ಲಿ ಆಗಿದ್ದೂ ಬೇರೆ ಏನಲ್ಲ. ಭಾರತದ ಫುಟ್ಬಾಲ್ ಫೆಡರೇಷನ್ನಿಗೂ ಐಎಂಜಿ-ರಿಲಯನ್ಸಿಗೂ 2010ರಲ್ಲಿ ಆದ 15 ವರ್ಷದ ಒಪ್ಪಂದ, ಆಮೇಲೆ ಅದು ಐಎಸ್ಎಲ್ ನಡೆಸೋ ಎಫ್ಎಸ್‌ಡಿಎಲ್ ಕಂಪನಿ ಕೈಗೆ ಬಂತು, ಅದರ ಪ್ರಕಾರ ಫೆಡರೇಷನ್ನಿಗೆ ವರ್ಷಕ್ಕೆ 50 ಕೋಟಿ ಬರ್ತಿತ್ತು, ಆ ಡಿಸೆಂಬರಿಗೆ ಅದು ಮುಗೀತು, ಹೊಸದಾಗಿ ಟೆಂಡರ್ ಕರೆದ್ರೆ ಒಬ್ಬರೂ ಬಿಡ್ ಹಾಕ್ಲಿಲ್ಲ. ಲೀಗ್ ಕೊನೆಗೆ 2026ರ ಫೆಬ್ರವರಿಯಲ್ಲಿ ಚಿಕ್ಕದಾಗಿ ಶುರುವಾಯ್ತು, ಆದ್ರೆ ಆ ನಡುವಿನ ತಿಂಗಳುಗಳಲ್ಲಿ ಫಿಸಿಯೋ, ಕಿಟ್ ಒಗೆಯೋರು, ವ್ಯಾನ್ ಓಡಿಸೋರು ಹೆಂಗೆ ಬದುಕಿದ್ರು ಅಂತ ಯಾವ ಟಿವಿನೂ ತೋರಿಸಲಿಲ್ಲ.

ಅದಕ್ಕೂ ಹಿಂದೆ ಹೋದ್ರೆ ಪಟ್ಟಿ ದೊಡ್ಡದು. ಎಫ್‌ಸಿ ಕೊಚ್ಚಿನ್ 1997ರಲ್ಲಿ ಶುರುವಾಗಿ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದು ಕೆಲವೇ ವರ್ಷದಲ್ಲಿ ಸಂಬಳ ಕೊಡೋಕಾಗದೆ ಮುಚ್ಚಿತು. ಮಹೀಂದ್ರ ಯುನೈಟೆಡ್ 2010ರಲ್ಲಿ, ಮೊದಲ ನ್ಯಾಷನಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ. ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್ಎಲ್ ಚಾಂಪಿಯನ್, ಮುಂದಿನ ವರ್ಷಕ್ಕೇ ಸಂಬಳ ಬಾಕಿ, ಫಿಫಾ ಟ್ರಾನ್ಸ್‌ಫರ್ ಬ್ಯಾನ್, 2025ರಲ್ಲಿ ಟೀಮೇ ಡೆಲ್ಲಿಗೆ ಹೋಯ್ತು. ಗೆದ್ರೂ ಉಳಿಯಲ್ಲ ಅನ್ನೋದೇ ನಂಗೆ ಅರಗಿಸ್ಕೊಳ್ಳೋಕೆ ಕಷ್ಟ ಆಗೋದು.

ಭದ್ರಾವತಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಕಾರ್ಖಾನೆ ಇದ್ದಾಗ ಆಟ ಇತ್ತು, ಸಂಜೆ ಶಿಫ್ಟ್ ಮುಗಿಸಿ ಬಂದೋರು ಗ್ರೌಂಡಿಗೆ ಇಳೀತಿದ್ರು, ಆಡೋ ಹುಡುಗನಿಗೆ ಕೆಲಸ ಸಿಗುತ್ತೆ ಅನ್ನೋ ಧೈರ್ಯ ಮನೆಯವರಿಗೆ ಇತ್ತು. ಎಂಪಿಎಂ ಪೇಪರ್ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸ್ತು, ವಿಐಎಸ್ಎಲ್ ಉಕ್ಕಿನ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ತಿಂಗಳುಗಟ್ಲೆ ಧರಣಿ ಕೂತ್ರು. ಬೆಂಗಳೂರಲ್ಲೂ ಎಚ್ಎಎಲ್, ಐಟಿಐ ಅಂತ ಕಂಪನಿ ಟೀಮುಗಳೇ ರಾಜ್ಯದ ಫುಟ್ಬಾಲನ್ನ ಹೊತ್ತಿದ್ದು, ಎಚ್ಎಎಲ್ ಆಗಿನ ಕಾಲಕ್ಕೆ ದೇಶದ ಮೇಲಿನ ಲೀಗಾಗಿದ್ದ ಐ-ಲೀಗ್ ತನಕ ಹೋಗಿತ್ತು. ಆ ವ್ಯವಸ್ಥೆಯಲ್ಲಿ ಆಟಗಾರನಿಗೆ ಸೋತ್ರೂ ಗೆದ್ರೂ ತಿಂಗಳ ಸಂಬಳ, ಪಿಎಫ್ ಇತ್ತು. ಈಗಿನ ಕ್ಲಬ್ಬಲ್ಲಿ ಜೆರ್ಸಿ ಚೆನ್ನಾಗಿದೆ, ಇನ್‌ಸ್ಟಾಗ್ರಾಮ್ ಪೇಜ್ ಚೆನ್ನಾಗಿದೆ, ಪಿಎಫ್ ಕೇಳ್ಬೇಡಿ.

ಇನ್ನೊಂದು ವಿಷಯ ಹೇಳ್ಲೇಬೇಕು. ಇಂಗ್ಲೆಂಡಲ್ಲಿ ಕ್ಲಬ್ ದಿವಾಳಿ ಎದ್ದಾಗ ಫುಟ್ಬಾಲ್ ಒಳಗಿನವರ ಬಾಕಿ, ಅಂದ್ರೆ ಬೇರೆ ಕ್ಲಬ್ಬುಗಳದ್ದು ಆಟಗಾರರದ್ದು, ಪೂರ್ತಿ ಕೊಡಬೇಕು ಅಂತ ಲೀಗ್ ರೂಲು. ಆಟಗಾರರಿಗೆ ಒಳ್ಳೇದೇ, ಆದ್ರೆ ಉಳಿದೋರು? 2010ರಲ್ಲಿ ಪೋರ್ಟ್ಸ್‌ಮತ್ ಅಡ್ಮಿನಿಸ್ಟ್ರೇಷನ್ನಿಗೆ ಹೋದಾಗ ಬಾಕಿ ಬರಬೇಕಾದೋರ ಪಟ್ಟಿಯಲ್ಲಿ ಮ್ಯಾಚಿನ ದಿನ ಫಸ್ಟ್ ಏಡ್ ಮಾಡೋ ಸೇಂಟ್ ಜಾನ್ ಆಂಬ್ಯುಲೆನ್ಸಿನ ಸ್ವಯಂಸೇವಕರೂ ಇದ್ರು, 2,700 ಪೌಂಡ್ ಚಿಲ್ಲರೆ. ಎರಡೇ ವರ್ಷದ ಹಿಂದೆ ಎಫ್ಎ ಕಪ್ ಗೆದ್ದ ಕ್ಲಬ್ಬದು. ಬರಿಯಲ್ಲೂ ಊರಿನ ಅಂಗಡಿ ವ್ಯಾಪಾರಿಗಳ ಥರದವರಿಗೆ ಪೌಂಡಿಗೆ 25 ಪೆನ್ಸ್ ಕೊಡ್ತೀವಿ ಅನ್ನೋ ಒಪ್ಪಂದ ಆಗಿತ್ತು. ಕ್ಲಬ್ ಬಿದ್ರೆ ಟೀ ಮಾರೋನು, ಪ್ರಿಂಟಿಂಗ್ ಪ್ರೆಸ್ಸಿನೋನು, ಬಸ್ಸಿನೋನು ಎಲ್ರೂ ಜೊತೆಗೆ ಬೀಳ್ತಾರೆ.

ಹಂಗಾದ್ರೆ ದಾರಿನೇ ಇಲ್ವಾ ಅಂದ್ರೆ ಇದೆ. ಎಕ್ಸಿಟರ್ ಸಿಟಿ ನಂಗೆ ತುಂಬ ಇಷ್ಟ. 2003ರಲ್ಲಿ ಲೀಗಿಂದ ಬಿದ್ದು, ಸಾಲದಲ್ಲಿ ಮುಳುಗಿದಾಗ ಅಭಿಮಾನಿಗಳ ಟ್ರಸ್ಟೇ ಕ್ಲಬ್ಬನ್ನ ಕೈಗೆ ತಗೊಂಡ್ರು. 2005ರ ಜನವರಿಯಲ್ಲಿ ಎಫ್ಎ ಕಪ್ಪಲ್ಲಿ ಓಲ್ಡ್ ಟ್ರಾಫರ್ಡಿಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಡ್ರಾ ಮಾಡ್ಕೊಂಡ್ರು! ರೀಪ್ಲೇನಲ್ಲಿ ಸೋತ್ರು, ಆದ್ರೆ ಎರಡು ಮ್ಯಾಚಿನ ಗೇಟು, ಟಿವಿ ದುಡ್ಡಲ್ಲಿ ಸಾಲದ ದೊಡ್ಡ ಹೊರೆ ಇಳೀತು. ಅದೃಷ್ಟ ಅನ್ನಬಹುದು, ಆದ್ರೆ ಆ ದುಡ್ಡು ಬಂದಾಗ ಅದನ್ನ ಸಾಲಕ್ಕೆ ಕಟ್ಟೋರು ಅಲ್ಲಿ ಕೂತಿದ್ರು, ಇನ್ನೊಬ್ಬ ಸ್ಟ್ರೈಕರನ್ನ ತರೋಣ ಅನ್ನೋರಲ್ಲ. ಈಗ್ಲೂ ಅದು ಟ್ರಸ್ಟಿನ ಕೈಲೇ ಇದೆ. ಬರಿಯವರೂ ಸುಮ್ನೆ ಕೂರಲಿಲ್ಲ, ಅಭಿಮಾನಿಗಳು ಬೇರೆ ಟೀಮ್ ಕಟ್ಟಿ ಕೆಳಗಿಂದ ಆಡಿದ್ರು, 2022ರಲ್ಲಿ ಸರ್ಕಾರದ ನೆರವೂ ಸೇರಿಸ್ಕೊಂಡು ಗಿಗ್ ಲೇನ್ ಮೈದಾನವನ್ನೇ ವಾಪಸ್ ಕೊಂಡ್ರು, 2023ರಿಂದ ಬರಿ ಎಫ್‌ಸಿ ಮತ್ತೆ ಅದೇ ಮೈದಾನದಲ್ಲಿ ಆಡ್ತಿದೆ. ಎಷ್ಟೋ ಡಿವಿಷನ್ ಕೆಳಗೆ, ಆದ್ರೆ ಅವರದ್ದೇ ನೆಲ.

ನಾನು ಹೇಳ್ತಿರೋದು ಇಷ್ಟೇ, ಮೈದಾನ ಒಬ್ಬರ ಹೆಸರಿಗೆ ಹೋಗಬಾರದು. ಡರ್ಬಿಯವರು 2018ರಲ್ಲಿ ಸ್ಟೇಡಿಯಮ್ಮನ್ನ ತಮ್ಮ ಮಾಲೀಕರಿಗೇ 8 ಕೋಟಿ ಪೌಂಡಿಗೂ ಜಾಸ್ತಿಗೆ ಮಾರಿ ಲೆಕ್ಕ ಸರಿ ಮಾಡ್ಕೊಂಡ್ರು, 2021ರಲ್ಲಿ ಅಡ್ಮಿನಿಸ್ಟ್ರೇಷನ್, 21 ಪಾಯಿಂಟ್ ಕಟ್, ಡಿವಿಷನ್ ಕೆಳಗೆ. ಆಟಗಾರರು ಹೋದ್ರೆ ಇನ್ನೊಬ್ಬರು ಬರ್ತಾರೆ, ಮಾಲೀಕ ಹೋದ್ರೂ ಹೆಂಗೋ ಆಗುತ್ತೆ, ನೆಲ ಹೋದ್ರೆ ಊರಿನೋರಿಗೆ ವಾಪಸ್ ಬರೋಕೆ ಜಾಗನೇ ಇರಲ್ಲ. ನಮ್ಮ ಜಿಲ್ಲೆಯಲ್ಲಿ ಕ್ಲಬ್ಬು ಅಂತ ದೊಡ್ಡದಾಗಿ ಇಲ್ಲದೇ ಇರಬಹುದು, ಮೈದಾನಗಳಿವೆ, ಅದರ ಅಂಚಲ್ಲಿ ಒಂದೊಂದೇ ಕಾಂಪೌಂಡು, ಶೆಡ್ಡು, ಮಳಿಗೆ ಬರ್ತಾ ಇರೋದನ್ನ ಎಲ್ರೂ ನೋಡ್ತಾನೇ ಇದೀವಿ.

ಇನ್ನೊಂದು, ಲೀಗಿಗೆ ಎಂಟ್ರಿ ಕೊಡೋ ಮುಂಚೆ ಇಡೀ ಸೀಸನ್ನಿನ ಸಂಬಳ ಬ್ಯಾಂಕಲ್ಲಿ ಡಿಪಾಸಿಟ್ ಇಡಿಸಬೇಕು, ಕ್ಲಬ್ ಕೈ ಎತ್ತಿದ್ರೆ ಅದರಿಂದ ಹುಡುಗರಿಗೆ ನೇರ ಕೊಡಬೇಕು. ಟೀಮು ಕಮ್ಮಿ ಆಗ್ತವೆ ಅಂತಾರೆ. ಆಗ್ಲಿ ಬಿಡಿ. ಸಂಬಳ ಕೊಡೋಕಾಗೋ ಆರು ಟೀಮು ಸಾಕು, ಹುಡುಗರ ಎರಡು ಮೂರು ವರ್ಷ ತಿಂದು ಮಾಯ ಆಗೋ ಹದಿನಾರು ಟೀಮು ಬೇಡ. ಇಪ್ಪತ್ತರ ಹರೆಯದ ಆ ಎರಡು ವರ್ಷ ಫುಟ್ಬಾಲ್ ಆಡೋನಿಗೆ ವಾಪಸ್ ಸಿಗಲ್ಲ.

ಇದನ್ನ ಓದ್ತಿರೋರಲ್ಲಿ ಟೀಮ್ ನಡೆಸೋರು ಯಾರಾದ್ರೂ ಇದ್ರೆ, ದೊಡ್ಡ ಬದಲಾವಣೆ ಆಗೋ ತನಕ ಕಾಯ್ಬೇಡಿ ಮಾರಾಯ್ರೆ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಪೆಟ್ಟಾದ್ರೆ ಆಸ್ಪತ್ರೆ ಖರ್ಚು ಯಾರದ್ದು, ಎರಡು ತಿಂಗಳು ಸಂಬಳ ಬರದಿದ್ರೆ ಹುಡುಗ ರಿಲೀಸ್ ಅಂತ ಒಂದೇ ಪುಟದಲ್ಲಿ ಕನ್ನಡದಲ್ಲೇ ಬರೀರಿ, ಸಹಿ ಹಾಕಿ, ಅವತ್ತೇ ಒಂದು ಕಾಪಿ ಹುಡುಗನ ಕೈಗೆ ಕೊಡಿ, ಇನ್ನೊಂದು ಅವನ ಮನೆಗೆ ಕಳಿಸಿ.